ಬೆನ್ನ ಮೇಲಿನ ಸಂಸಾರ

ಪ್ರಯಾಣ ಹೊರಟವರ ಸ್ವಭಾವವನ್ನು ಅರಿಯಬೇಕಾದರೆ ಅವರ ಮಾತನ್ನು ಕೇಳುವುದಕ್ಕಿಂತ ಅವರ ಗಂಟುಮೂಟೆಗಳನ್ನು ನೋಡುವುದು ಮೇಲು. ಹಿಂದಿನ ತಲೆಮಾರಿನಲ್ಲಿ ಒಂದು ಕುಟುಂಬ ರೈಲು ಹತ್ತಿತೆಂದರೆ ಅರ್ಧ ಮನೆಯೇ ಹತ್ತಿದಂತೆ. ತಗಡಿನ ಟ್ರಂಕು, ಚರ್ಮದ ಪಟ್ಟಿ ಬಿಗಿದ ಹೋಲ್ಡಾಲು, ನೀರಿನ ಕೂಜಾ, ಬುತ್ತಿಯ ಡಬ್ಬಿ, ನೆಂಟರಿಗೆಂದು ಕಟ್ಟಿದ ಹಪ್ಪಳ ಸಂಡಿಗೆಗಳ ಪೊಟ್ಟಣ, ಇವಿಷ್ಟೂ ಗಾಡಿಯೊಳಗೆ ಸೇರಿದ ಮೇಲೆ ಯಜಮಾನರು ಮೂರು ಸಲ ಎಣಿಸಿ, ಎಣಿಕೆ ಸರಿಹೋದಾಗ ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದರು. ಎಣಿಸುವ ಕೆಲಸ ಅವರದು; ಕಟ್ಟುವ, ಬಿಚ್ಚುವ, ಮತ್ತೆ ಕಟ್ಟುವ ಕೆಲಸ ಮನೆಯಾಕೆಯದು; ಹೊರುವ ಕೆಲಸ ಕೂಲಿಯವನದು. ಸಂಸಾರದ ಸರಕಿನ ಹೊಣೆ ಹೀಗೆ ಮೂರು ಪಾಲಾಗಿದ್ದುದರಿಂದ ಯಾರ ಪಾಲು ಎಷ್ಟು ಭಾರವೆಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಈಗ ಹೋಲ್ಡಾಲು ಮರೆಯಾಗಿದೆ. ಈಗಿನ ಎಳೆಯ ದಂಪತಿಗಳು ಬೇಕಾದುದನ್ನೆಲ್ಲ ಒಂದೊಂದು ಚೀಲದಲ್ಲಿ ತುಂಬಿ, ಬೆನ್ನಿಗೇರಿಸಿಕೊಂಡು, ಸಮುದ್ರ ದಾಟಿ ದ್ವೀಪಗಳಿಗೆ ಹೊರಟುಬಿಡುತ್ತಾರೆ. ಅಂಡಮಾನಿನ ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪಗಳು—2018ರವರೆಗೆ ಹ್ಯಾವ್ಲಾಕ್, ನೀಲ್ ಎಂದು ಕರೆಯುತ್ತಿದ್ದವು—ಇಂಥವರಿಗೆ ಅಚ್ಚುಮೆಚ್ಚು. ಬೆಳ್ಳನೆಯ ಮರಳು, ದ್ವೀಪದಿಂದ ದ್ವೀಪಕ್ಕೆ ಹಡಗು, ಹಡಗಿನಲ್ಲಿ ಒದಗುವ ಅಪರಿಚಿತರ ಗೆಳೆತನ: ಚಿತ್ರಗಳಲ್ಲಿ ಕಂಡ ಯಾರಿಗಾದರೂ ಮನಸ್ಸು ಅತ್ತ ಹರಿಯುವುದು ಸಹಜ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಾಡಿಗೆ ಮನೆಯಲ್ಲಿದ್ದ ದಂಪತಿಗಳಿಗೂ ಹಾಗೆಯೇ ಮನಸ್ಸು ಹರಿದಿತ್ತು. ಆತ ವಿಮಾ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವನು. ಆಕೆ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿ. ಮದುವೆಯಾಗಿ 14 ವರ್ಷ, ಒಬ್ಬಳೇ ಮಗಳು. ಅಂಡಮಾನಿಗೆಂದು ಆಕೆ ಎರಡು ವರ್ಷ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿ ಹಣ ಕೂಡಿಸಿದ್ದಳು. ಬೆನ್ನುಚೀಲಗಳೆರಡನ್ನು ಮೊದಲೇ ಕೊಂಡು, ಕಪಾಟಿನ ಮೇಲೆ ಕಣ್ಣಿಗೆ ಬೀಳುವಂತೆ ಇರಿಸಿದ್ದಳು. ಟಿಕೀಟು ಕೊಳ್ಳಬೇಕಾದ ವಾರದಲ್ಲಿ ಆತನ ತಂಗಿಯಿಂದ ಕರೆ ಬಂತು: ಮಗನ ಇಂಜಿನಿಯರಿಂಗ್ ಶುಲ್ಕ ಕಟ್ಟಲು ಎರಡೇ ದಿನ ಉಳಿದಿದೆ. ಆತ ಕಚೇರಿಯಿಂದಲೇ ಹಣ ಕಳಿಸಿದ. ರಾತ್ರಿ ಊಟವಾದ ಮೇಲೆ ಹೆಂಡತಿಗೆ ಹೇಳಿದ.

ಆಕೆ ಏನೆಂದಾಳು? ಓದುವ ಹುಡುಗನಿಗೆ ಹಣ ಕೊಟ್ಟದ್ದನ್ನು ತಪ್ಪೆನ್ನುವುದು ಹೇಗೆ? ಗಂಡ ಕುಡಿದು ಕಳೆದಿದ್ದರೆ ಜಗಳವಾಡಬಹುದಿತ್ತು. ಜೂಜಾಡಿದ್ದರೆ ತವರಿಗೆ ದೂರಬಹುದಿತ್ತು. ಒಳ್ಳೆಯ ಕೆಲಸ ಮಾಡಿದವನ ಮೇಲೆ ಹೂಡಲು ಸಂಸಾರದಲ್ಲಿ ಯಾವ ಮೊಕದ್ದಮೆಯೂ ಇಲ್ಲ. "ಒಳ್ಳೆಯದಾಯಿತು ಬಿಡಿ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಮನೆಯಲ್ಲಿ ಹಾಲು, ತರಕಾರಿ, ಮಗಳ ಪರೀಕ್ಷೆಗಳ ವಿನಾ ಬೇರೆ ಮಾತು ಹುಟ್ಟಲಿಲ್ಲ.

2024ರ ಡಿಸೆಂಬರ್ ಕೊನೆಯ ವಾರ. ಮಗಳು ಅಜ್ಜಿಯ ಮನೆಗೆ ಹೋಗಿದ್ದಳು. ಕಪಾಟಿನ ಮೇಲಿನ ಚೀಲಗಳನ್ನು ನೋಡಿ ನೋಡಿ ಸಾಕಾಗಿಯೋ ಏನೋ, ಆತನೇ ಒಂದು ಸೂಚನೆ ಮುಂದಿಟ್ಟ. ಸಮುದ್ರಕ್ಕೆ ಹಣವಿಲ್ಲದಿದ್ದರೆ ಹೊಳೆಗಾದರೂ ಹೋಗಬಹುದಲ್ಲ? ಅರ್ಕಾವತಿಯ ಜಾಡು ಹಿಡಿದು ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸುತ್ತಿ, ಕಾವೇರಿಯ ಸಂಗಮದಲ್ಲಿ ಮರಳು ತುಳಿದು ಬರೋಣ, ಮೂರು ದಿನ, ಬಸ್ಸು, ರೈಲು, ಕಾಲ್ನಡಿಗೆ. ಆಕೆ ಒಪ್ಪಿದಳು. ಚೀಲಗಳನ್ನೂ ಆಕೆಯೇ ಕಟ್ಟಿದಳು.

ನಾಲ್ಕೂ ತಾಲ್ಲೂಕುಗಳು ಅಂದಿಗೆ ರಾಮನಗರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರು ಬದಲಾಯಿಸುವುದು ಈ ಸೀಮೆಗೆ ಹೊಸದಲ್ಲ: ರಾಮನಗರವು ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಕನಕಪುರವು ಕಾನಕಾನಹಳ್ಳಿ. ಬದಲಾಗದೆ ಉಳಿದದ್ದು ಬಂಡೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕುದಿದು ಹೆಪ್ಪುಗಟ್ಟಿದ ಈ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.

ಮಾಗಡಿಯ ಬಸ್ಸಿನಲ್ಲಿ ಕಂಡಕ್ಟರು ಆತನಿಗೆ ಹಣದ ಟಿಕೀಟನ್ನೂ ಆಕೆಗೆ ಸೊನ್ನೆಯ ಟಿಕೀಟನ್ನೂ ಹರಿದುಕೊಟ್ಟ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಷ್ಟೆ. ಆಕೆ ಆ ಚೀಟಿಯನ್ನು ಎಸೆಯದೆ ಕೈಚೀಲದಲ್ಲಿ ಇಟ್ಟುಕೊಂಡಳು. ಪಕ್ಕದ ಆಸನದಲ್ಲಿ ಸಾವನದುರ್ಗದ ವೀರಭದ್ರಸ್ವಾಮಿಗೆ ಹರಕೆ ಒಪ್ಪಿಸಲು ಹೊರಟ ಮುದುಕನೊಬ್ಬ ಕುಳಿತಿದ್ದ. ಅವನ ಸರಕೆಂದರೆ ಒಂದು ಟವಲಿನ ಗಂಟು. "ಇಷ್ಟು ದೊಡ್ಡ ಚೀಲದಾಗೆ ಏನೈತೆ ಸಾಮಿ?" ಎಂದು ಕೇಳಿದ. ಆತನಿಗೆ ಉತ್ತರ ತೋಚಲಿಲ್ಲ. ತನ್ನ ಬೆನ್ನಿನ ಚೀಲದಲ್ಲಿ ಏನಿದೆಯೆಂಬುದು ಆತನಿಗೇ ತಿಳಿದಿರಲಿಲ್ಲ. ತಿರುಗಿ ಹೆಂಡತಿಯ ಮುಖ ನೋಡಿದ. ಮುದುಕ ನಕ್ಕ. "ಮನೆಯೋರು ಕಟ್ಟಿದ್ರೆ ಗೊತ್ತಾಗಾಕಿಲ್ಲ ಬುಡಿ" ಎಂದು ತಾನೇ ಸಮಾಧಾನ ಹೇಳಿದ.

ಸಾವನದುರ್ಗದ ಬುಡದಲ್ಲಿ ನಿಂತವರಿಗೆ ಮಾತು ತಾನಾಗಿ ಕಡಿಮೆಯಾಗುತ್ತದೆ. ಸಮುದ್ರಮಟ್ಟದಿಂದ 1,226 ಮೀಟರು ಎತ್ತರಕ್ಕೆ ಎದ್ದು ನಿಂತ ಈ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡವೆಂದು ಅದಕ್ಕೆ ಎರಡು ಶಿಖರ. ಮಾಗಡಿಯ ಕೆಂಪೇಗೌಡರ ವಂಶದವರು ಆಳಿದ ಕೋಟೆಯಿದು. ಮುಂದೆ ಮೈಸೂರಿಗೆ ಸೇರಿ, 1791ರ ಡಿಸೆಂಬರಿನಲ್ಲಿ ಟೀಪುವಿನ ಕೈಯಿಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯಗಳಿಗಾಗಿ ಡೇವಿಡ್ ಲೀನ್ ಅರಸಿ ಬಂದದ್ದೂ ಈ ಕಡೆಯ ಬಂಡೆಗಳನ್ನೇ. ಕೋಟೆಯ ಮೊದಲ ಗೋಡೆಯವರೆಗೆ ಹತ್ತುವಷ್ಟರಲ್ಲಿ ಆಕೆ ಮೂರು ಕಡೆ ಕುಳಿತಳು. "ಅಭ್ಯಾಸವಿಲ್ಲ ನಿನಗೆ" ಎಂದು ಆತ ಮರುಗಿದ. ಆಕೆ ಹೌದೆಂದಳು.

ಅಂದಿನ ರಾತ್ರಿ ರಾಮನಗರದಲ್ಲಿ ತಂಗಿದರು. ಮರುದಿನ ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರು. ದೇಶದಲ್ಲೇ ಅತಿ ದೊಡ್ಡದೆನಿಸಿದ ಈ ಮಾರುಕಟ್ಟೆಯ ಅಂಗಳದಲ್ಲಿ ಬಿಳಿ, ಹಳದಿ ಗೂಡುಗಳ ರಾಶಿ ಹರಡಿರುವುದನ್ನು ನೋಡುವುದೇ ಒಂದು ಸೊಗಸು. ರೀಲರುಗಳು ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ. ಹರಾಜಿನ ಕೂಗು ಹೋಗಿ ಈಗ ಮೊಬೈಲಿನಲ್ಲೇ ಬೆಲೆ ಏರುತ್ತದೆ; ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುತ್ತದೆ.

ಕನಕಪುರದ ಕಡೆಯಿಂದ ಗೂಡು ತಂದಿದ್ದ ರೈತ ದಂಪತಿಗಳು ಪಕ್ಕದಲ್ಲಿ ನಿಂತಿದ್ದರು. ರಾತ್ರಿಯೆಲ್ಲ ಗೂಡಿನ ಚೀಲಗಳ ನಡುವೆ ಟೆಂಪೋದಲ್ಲಿ ಕುಳಿತು ಬಂದವರು. ಹೆಂಗಸರ ನಡುವೆ ಮಾತು ಬೇಗ ಬೆಳೆಯಿತು. ಮರಿಗಳನ್ನು ತಂದು ಸಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಯವರಿಗೆ ನಿದ್ದೆಯಿಲ್ಲವೆಂದು ಆಕೆ ವಿವರಿಸಿದಳು. ಹುಳುವಿನ ಪೊರೆ ಬಿಡುವ ನಿದ್ದೆಗೆ ಇಲ್ಲಿಯವರು ಜ್ವರವೆನ್ನುತ್ತಾರೆ. "ಗೂಡಿನ ದುಡ್ಡು ನನ್ನ ಬ್ಯಾಂಕಿಗೇ ಬೀಳಾದು ಕಣಕ್ಕಾ. ನಾಕನೇ ಜ್ವರ ಎದ್ದ ಮ್ಯಾಲೆ ಸರಹೊತ್ತಲ್ಲಿ ಎದ್ದು ಸೊಪ್ಪು ಹಾಕೋಳು ನಾನಲ್ವಾ? ಖರ್ಚು ಮಾತ್ರ ಇಬ್ಬರೂ ಕುಂತು ಮಾತಾಡಿ ಮಾಡಾದು." ಅವಳ ಗಂಡ ತಲೆಯಾಡಿಸಿದ, ಆ ತಲೆಯಾಡಿಸುವಿಕೆಯಲ್ಲಿ ಸೋತವನ ಮುಖಭಾವವೇನೂ ಇರಲಿಲ್ಲ.

ರೈತನ ಗೂಡು ತೂಕವಾದ ಮೇಲೆ ತಕ್ಕಡಿ ಗಳಿಗೆ ಹೊತ್ತು ಬಿಡುವಾಗಿತ್ತು. ರೈತನ ಹೆಂಡತಿಗೆ ತಮಾಷೆ ಹೊಳೆಯಿತು. "ನಿಮ್ಮ ಗೂಡೂ ತೂಗ್ಸಿ ಸಾಮಿ" ಎಂದು ಬೆನ್ನುಚೀಲಗಳತ್ತ ಕೈ ತೋರಿಸಿದಳು. ತೂಗುವವನೂ ನಗುತ್ತ ಒಪ್ಪಿದ. ಆತನ ಚೀಲ: 6 ಕಿಲೋ 200 ಗ್ರಾಂ. ಆಕೆಯದು: 9 ಕಿಲೋ 400 ಗ್ರಾಂ.

ಸುತ್ತ ನಿಂತವರು ನಕ್ಕರು. ಆತ ನಗಲಿಲ್ಲ. ಸಾವನದುರ್ಗದಲ್ಲಿ ಮೂರು ಕಡೆ ಕುಳಿತವಳ ನೆನಪಾಯಿತು. "ನನಗೆ ಹೇಳಬಾರದಿತ್ತೇ?" ಎಂದ. "ನಿಮಗೆ ಸೊಂಟನೋವಲ್ಲ" ಎಂದಳು. ಆಕೆ ಹೇಳಿದ್ದು ಅಷ್ಟೇ. ನೀರಿನ ಬಾಟಲಿ, ಔಷಧಿ, ಬುತ್ತಿ, ಆತನ ಉಣ್ಣೆಯ ಶಾಲು, ಎಲ್ಲ ಆಕೆಯ ಚೀಲದಲ್ಲಿದ್ದವು.

ಲೆಕ್ಕ ಬಲ್ಲವರಿಗೆ ಇಲ್ಲೊಂದು ವಿಚಿತ್ರ ಸಮೀಕರಣ ಕಾಣುತ್ತದೆ. ಹೆಂಡತಿಯನ್ನು ಕೇಳದೆ ಆತ ಹಣ ಕೊಟ್ಟ. ಗಂಡನಿಗೆ ಹೇಳದೆ ಆಕೆ ಭಾರ ಹೊತ್ತಳು. ಎರಡರ ಮೂಲವೂ ಪ್ರೀತಿಯೇ. ಆದರೆ ಕೇಳದೆ ಕೊಡುವವನು ಜೊತೆಗಾರಳ ಒಪ್ಪಿಗೆಯನ್ನು ತಾನೇ ಊಹಿಸಿಕೊಳ್ಳುತ್ತಾನೆ. ಹೇಳದೆ ಹೊರುವವಳು ಜೊತೆಗಾರನ ಅಸಾಮರ್ಥ್ಯವನ್ನು ತಾನೇ ತೀರ್ಮಾನಿಸುತ್ತಾಳೆ. ಒಂದು ಸಂಸಾರದಲ್ಲಿ ಇಂಥ ಎರಡು ಔದಾರ್ಯಗಳು ಎದುರುಬದುರಾಗಿ ನಿಂತರೆ ನಡುವೆ ಮಾತಿಗೆ ಎಡೆಯೆಲ್ಲಿ?

ಹೊತ್ತೇರುವ ಮುನ್ನ ರಾಮದೇವರ ಬೆಟ್ಟ ಹತ್ತಿದರು. ಈ ಸಲ ಭಾರದ ಚೀಲವನ್ನು ಆತ ಕಿತ್ತುಕೊಂಡಿದ್ದ. 1975ರ 'ಶೋಲೆ' ಚಿತ್ರದ ರಾಮಗಢವೆಂದು ಲೋಕಕ್ಕೆ ಪರಿಚಿತವಾದ ಈ ಬಂಡೆಗಳು 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸಿ ದೇಶದ ರಣಹದ್ದುಗಳನ್ನು ಬಹುಪಾಲು ಅಳಿಸಿಹಾಕಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ದನದ ನೋವು ನೀಗಲೆಂದು ಕೊಟ್ಟದ್ದು ಹಕ್ಕಿಗೆ ವಿಷವಾಯಿತು.

ಬೆಟ್ಟದ ಮೆಟ್ಟಿಲ ಮೇಲೆ ಇನ್ನಿಬ್ಬರು ಚೀಲದವರು ಜೊತೆಯಾದರು. ಬಂಡೆ ಹತ್ತುವ ಹವ್ಯಾಸದ ಎಳೆಯ ದಂಪತಿಗಳು. ಹುಡುಗಿ ಹುಬ್ಬಳ್ಳಿಯವಳು, ಹುಡುಗ ಉಡುಪಿಯವನು. ಅಂಡಮಾನಿನಲ್ಲಿ ಮೂರು ವಾರ ಸುತ್ತಿ ಆಗತಾನೇ ಬಂದಿದ್ದರು. ಅಂಡಮಾನಿನ ಹೆಸರು ಬಂದೊಡನೆ ಗಂಡಹೆಂಡಿರಿಬ್ಬರೂ ಒಂದು ಗಳಿಗೆ ಸುಮ್ಮನಾದರು. ಬಳಿಕ ಆಕೆಯೇ ಕೇಳಿದಳು: "ಹೇಗಿದೆ ಅಲ್ಲಿ?"

ಹುಡುಗ ರಾಧಾನಗರದ ಕಡಲತೀರದ ಸೂರ್ಯಾಸ್ತವನ್ನು ವರ್ಣಿಸಿದ. ಹುಡುಗಿಗೆ ನೆನಪಿದ್ದದ್ದು ಬೇರೆ. "ಅಕ್ಕಾರ, ದ್ವೀಪದಾಗ ಒಂದ ತ್ರಾಸ ಐತ್ರಿ. ಸಿಟ್ಟು ಬಂದ್ರ ಎದ್ದು ಹೋಗಾಕ ಜಾಗಾನ ಇಲ್ಲ. ನಾಲ್ಕೂ ಕಡೆ ನೀರು! ಮರುದಿನದ ಹಡಗ ಬರೂತನಕ ಅಲ್ಲೇ ಕುಂತು ಬಗೀಹರಿಸ್ಕೋಬೇಕು." ಮೊದಲ ವಾರ ಇಬ್ಬರೂ ಚೀಲದ ವಿಷಯಕ್ಕೇ ಜಗಳವಾಡಿದರಂತೆ. ಬಳಿಕ ಒಂದು ಕಟ್ಟಳೆ ಮಾಡಿಕೊಂಡರು: ದಿನವೂ ಬೆಳಿಗ್ಗೆ ಎರಡು ಚೀಲಗಳನ್ನೂ ಮಂಚದ ಮೇಲೆ ಸುರಿಯುವುದು, ಇಬ್ಬರೂ ಕೂಡಿ ಮತ್ತೆ ಕಟ್ಟುವುದು. ಬೇಡದ್ದನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ಮುಂದಕ್ಕೆ ಹೋಗುವುದು.

ಅವಳು ಮತ್ತೊಂದು ಸಂಗತಿ ಹೇಳಿದಳು. ಅಲ್ಲಿನ ಮರಳಿನಲ್ಲಿ ಸತ್ತ ಶಂಖದ ಹುಳುಗಳ ಚಿಪ್ಪನ್ನು ಬೆನ್ನ ಮೇಲೆ ಹೊತ್ತು ತಿರುಗುವ ಒಂದು ಜಾತಿಯ ಏಡಿಗಳಿವೆ. ಮೈ ಬೆಳೆದಂತೆ ಚಿಪ್ಪು ಬಿಗಿಯಾಗುತ್ತದೆ. ದೊಡ್ಡದೊಂದು ಖಾಲಿ ಚಿಪ್ಪು ಸಿಕ್ಕಿದಾಗ ಕೆಲವೊಮ್ಮೆ ಏಡಿಗಳು ಗಾತ್ರದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ಮುಂದಿನದು ಹೊಸ ಮನೆ ಹೊಕ್ಕರೆ ಹಿಂದಿನದು ಅದು ಬಿಟ್ಟ ಮನೆಗೆ ಸೇರುತ್ತದೆ. ಇದನ್ನು ಕೇಳಿ ಗಣಿತದ ಉಪಾಧ್ಯಾಯಿನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಅಲ್ಲಿಂದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಕೆಲವೇ ನಿಮಿಷಗಳ ದಾರಿ. ಮದ್ದೂರುವಡೆ ಕೊಂಡು ತಿನ್ನುವಷ್ಟರಲ್ಲಿ ಊರು ಬಂದುಬಿಡುತ್ತದೆ. ಗೊಂಬೆಗಳ ಊರಿನಲ್ಲಿ ಕಾಲವನ್ನು ಕಳೆದದ್ದು ಒಬ್ಬ ಮುದಿ ಕುಶಲಕರ್ಮಿಯ ಪಟ್ಟಡೆಯಲ್ಲಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ವಿಧಾನಗಳನ್ನು ತಂದು ಈ ಕಸುಬಿಗೆ ಹೊಸ ರೂಪ ಕೊಟ್ಟರು. ಹಾಲೆಮರದ ತುಂಡು ಚರಕಿಯಲ್ಲಿ ಗಿರಗಿರನೆ ತಿರುಗುತ್ತದೆ. ಅದಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಕಡಿಮೆ ಒತ್ತಿದರೆ ಬಣ್ಣ ಹತ್ತದು, ಹೆಚ್ಚು ಒತ್ತಿದರೆ ಗೆರೆ ಬೀಳುವುದೆಂದು ಆ ಮುದುಕ ಹೇಳಿದ. ಮಗಳಿಗೆ ಏನು ಕೊಳ್ಳುವುದು? ಆತ ರೈಲುಗಾಡಿಯನ್ನು ಎತ್ತಿಕೊಂಡು, ಕೈ ಜೇಬಿಗೆ ಹೋದದ್ದನ್ನು ಹಾಗೆಯೇ ತಡೆದು, "ಇದಾಗಬಹುದೇ?" ಎಂದು ಕೇಳಿದ. "ಅವಳಿಗೀಗ ಹನ್ನೆರಡು ವರ್ಷ" ಎಂದಳು ಆಕೆ. ಕೊನೆಗೆ ಬಣ್ಣದ ಬಳೆಗಳ ಜೊತೆಯೊಂದನ್ನು ಇಬ್ಬರೂ ಆರಿಸಿದರು. ಹತ್ತು ನಿಮಿಷ ಹಿಡಿದ ಈ ವ್ಯಾಪಾರದಲ್ಲಿ ಅಂಗಡಿಯವನಿಗೆ ಬೇಸರ ಬಂದಿರಬೇಕು. ದಂಪತಿಗಳಿಗೆ ಬರಲಿಲ್ಲ.

ಮೂರನೆಯ ದಿನ ಸಾತನೂರಿನ ಮೇಲೆ ಹಾದು ಕನಕಪುರ; ಅಲ್ಲಿಂದ ಸಂಗಮದ ಬಸ್ಸು. ನಂದಿಬೆಟ್ಟದ ಕಡೆ ಹುಟ್ಟಿ, ಮಂಚನಬೆಲೆಯಲ್ಲಿ ಕಟ್ಟೆಗೆ ನಿಂತು, ರಾಮನಗರ ಕನಕಪುರಗಳನ್ನು ಹಾದು ಬರುವ ಅರ್ಕಾವತಿಯು ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ದಾರಿಯಲ್ಲಿ ಅವಳ ಬೆನ್ನಿಗೂ ಒಂದು ಹೊರೆ ಬಿದ್ದಿದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲದ ಕೆರೆಗೆ ಬಂದು, ಮುಂದೆ ಅರ್ಕಾವತಿಯಲ್ಲಿ ಬೆರೆಯುತ್ತದೆ. ಮಹಾನಗರದ ಎಷ್ಟೋ ಮನೆಗಳ ಬಚ್ಚಲಿನ ನೀರು ಯಾರನ್ನೂ ಕೇಳದೆ ಈ ಹೊಳೆಯ ಮೇಲೆ ಹೇರಲಾದ ಭಾರ. ದಂಪತಿಗಳ ಬಾಡಿಗೆ ಮನೆಯ ಬಚ್ಚಲೂ ಅದರಲ್ಲಿ ಸೇರಿದೆ.

ಸಂಗಮದಲ್ಲಿ ತೆಪ್ಪ ದಾಟಿಸುವವನು ನಾಲ್ವರನ್ನು ವೃತ್ತಾಕಾರವಾಗಿ ಕೂರಿಸಿ, "ಒಂದೇ ಕಡೆ ವಾಲಬ್ಯಾಡಿ" ಎಂದು ಎಚ್ಚರಿಸಿದ. ಆಚೆಯ ದಡದಲ್ಲಿ ಮರಳು, ಮತ್ತಿಮರಗಳ ನೆರಳು, ಕಾವೇರಿಯ ಹಸಿರು ನೀರು. ಇಲ್ಲಿಂದ ಸುಮಾರು ನಾಲ್ಕು ಕಿಲೋಮೀಟರು ಕೆಳಗೆ, ಮೇಕೆ ಜಿಗಿಯಬಹುದೆಂದು ಜನ ಹೇಳುವಷ್ಟು ಇಕ್ಕಟ್ಟಾದ ಬಂಡೆಗಳ ನಡುವೆ ನದಿ ಭೋರ್ಗರೆದು ನುಗ್ಗುತ್ತದೆ. 67 ಟಿ.ಎಂ.ಸಿ. ನೀರು ನಿಲ್ಲಿಸುವ ಅಣೆಕಟ್ಟೆಯ ಯೋಜನೆ ಆ ಭಾಗಕ್ಕೆ ಬಹುಕಾಲದಿಂದ ಚರ್ಚೆಯಲ್ಲಿದ್ದು, ಎರಡು ರಾಜ್ಯಗಳ ನಡುವಿನ ವಿವಾದವಾಗಿದೆ. ನೀರು ಶಾಂತವಾಗಿ ಕಂಡರೂ ಒಳಗೆ ಸುಳಿಗಳಿವೆ. ಪ್ರಾಣ ಕಳೆದುಕೊಂಡವರು ಅನೇಕರು. ದಂಪತಿಗಳು ಅಂಚಿನಲ್ಲಿಯೇ ಪಾದ ನೆನೆಸಿಕೊಂಡು ಕುಳಿತರು.

ಮಾತು ಆರಂಭಿಸಿದವಳು ಆಕೆ. "ಕೇಳಿದ್ದರೆ ಕೊಡುತ್ತಿದ್ದೆ."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

"ಗೊತ್ತಿದ್ದರೆ ಕೇಳಬೇಕಿತ್ತು."

ಆತ ಬಹಳ ಹೊತ್ತು ನೀರನ್ನು ನೋಡಿದ. "ನಿಜ" ಎಂದ. ಸ್ವಲ್ಪ ತಡೆದು, "ಒಂಬತ್ತೂವರೆ ಕಿಲೋ ಹೊರುವಾಗ ನೀನೂ ಹೇಳಬೇಕಿತ್ತು" ಎಂದ.

"ಒಂಬತ್ತು ಕಿಲೋ 400 ಗ್ರಾಂ" ಎಂದು ಆಕೆ ತಿದ್ದಿದಳು. ತಿದ್ದಿದ ಮೇಲೆ ತಾನೂ ತಲೆಯಾಡಿಸಿದಳು.

ಮರಳಿನ ಮೇಲೆ ಶಾಲು ಹಾಸಿ ಎರಡೂ ಚೀಲಗಳನ್ನು ಸುರಿದರು. ಮೂರು ದಿನಗಳಿಂದ ಮುಟ್ಟದ ವಸ್ತುಗಳು ಎಷ್ಟೋ ಹೊರಬಿದ್ದವು. ಯಾವುದು ಯಾರ ಪಾಲಿಗೆ ಎಂಬುದು ನಿರ್ಣಯವಾಗುವಷ್ಟರಲ್ಲಿ ಎರಡು ಸಲ ವಾದವಾಯಿತು. ಅದು ಹಲವು ತಿಂಗಳ ಮೇಲೆ ಆ ಮನೆಯಲ್ಲಿ ನಡೆದ ಮೊದಲನೆಯ ನಿಜವಾದ ವಾದ. ಔಷಧಿಯ ಪೆಟ್ಟಿಗೆ ಆತನಿಗೆ ಹೋಯಿತು. ಶಾಲು ಆಕೆಯಲ್ಲೇ ಉಳಿಯಿತು, ಸೊಂಟನೋವಿನ ದೆಸೆಯಿಂದಲ್ಲ, ಆಕೆಗೇ ಚಳಿಯಾಗುತ್ತಿತ್ತು ಎಂಬುದರಿಂದ.

ಹಿಂದಿರುಗುವ ಬಸ್ಸಿನಲ್ಲಿ ಆಕೆ ಕೈಚೀಲದಿಂದ ಮೂರು ದಿನಗಳ ಸೊನ್ನೆಯ ಟಿಕೀಟುಗಳನ್ನು ಹೊರತೆಗೆದು ಜೋಡಿಸಿದಳು. ಒಂದರ ಬೆನ್ನಿನಲ್ಲಿ 'ದ್ವೀಪ' ಎಂದು ಶೀರ್ಷಿಕೆ ಬರೆದು, ತನ್ನ ಪಾಲಿಗೆ ಉಳಿದ ಬಸ್ಸಿನ ಹಣವನ್ನು ಮೊದಲ ಜಮೆಯಾಗಿ ನಮೂದಿಸಿ, ಆತನತ್ತ ಚಾಚಿದಳು.

"ಸೊನ್ನೆಗಳನ್ನು ಎಷ್ಟು ಕೂಡಿಸಿದರೂ ಸೊನ್ನೆಯೇ ಅಲ್ಲವೇ?" ಎಂದ ಆತ.

"ಎಡಗಡೆ ಒಂದು ಅಂಕಿ ಇದ್ದರೆ ಹಾಗಲ್ಲ" ಎಂದಳು ಉಪಾಧ್ಯಾಯಿನಿ. "ಆ ಅಂಕಿ ಎಷ್ಟಿರಬೇಕೆಂದು ಹೇಳಿ. ಇಬ್ಬರೂ ಕೂತು ಬರೆಯೋಣ."